ಶಾವಿಗೆ ಬದಲು ಸಿಹಿಗುಂಬಳದ ಎಳೆ: ಯಾರಿಗೆ ಬೇಕು, ಯಾರಿಗೆ ಬೇಡ?



ಮುಂಜಾನೆ ಒಲೆ ಹಚ್ಚುವಾಗ ನಮ್ಮೆಲ್ಲರ ಮುಂದೆ ಬರುವ ಪ್ರಶ್ನೆ ಒಂದೇ: "ಇವತ್ತು ನಾಷ್ಟಾಕ್ಕೆ ಏನು ಮಾಡೋದು?" ಅವಸರ ಇದ್ದ ದಿನ ಶಾವಿಗೆ ಉಪ್ಪಿಟ್ಟು. ಇನ್ನೂ ಅವಸರ ಇದ್ದರೆ ಅಂಗಡಿಯಿಂದ ತಂದ ನೂಡಲ್ಸ್ ಪಾಕೀಟು. ಮಕ್ಕಳೂ ಖುಷಿ, ನಮಗೂ ಕೆಲಸ ಬೇಗ ಮುಗಿಯುತ್ತದೆ.

ಆದರೆ ಈಗ ಹೆಚ್ಚಿನ ಮನೆಗಳಲ್ಲಿ ಒಂದು ತೊಡಕು ಇದೆ. ಅತ್ತೆಗೆ ಸಕ್ಕರೆ ಕಾಯಿಲೆ. "ಶಾವಿಗೆ, ಅನ್ನ, ಮೈದಾ ಕಡಿಮೆ ಮಾಡಿ" ಅಂತ ಡಾಕ್ಟರು ಹೇಳಿ ಕಳಿಸಿದ್ದಾರೆ. ಅದೇ ಮನೆಯಲ್ಲಿ ನಾಲ್ಕು ವರ್ಷದ ಮಗುವಿಗೆ "ತೂಕ ಸಾಲದು, ಚೆನ್ನಾಗಿ ಉಣಿಸಿ" ಅಂತ ಅಂಗನವಾಡಿಯಲ್ಲಿ ಹೇಳಿದ್ದಾರೆ. ಒಬ್ಬರಿಗೆ ಕಡಿಮೆ ಮಾಡಬೇಕು, ಒಬ್ಬರಿಗೆ ಹೆಚ್ಚು ಮಾಡಬೇಕು. ಒಲೆ ಮಾತ್ರ ಒಂದೇ, ಅಡಿಗೆ ಮಾಡುವವಳೂ ಒಬ್ಬಳೇ. ಎರಡು ಅಡಿಗೆ ಮಾಡಲು ಹೊತ್ತೂ ಇಲ್ಲ, ಸೌದೆಯೂ ಇಲ್ಲ, ಗ್ಯಾಸೂ ತುಟ್ಟಿ. ಕಡೆಗೆ ಏನಾಗುತ್ತದೆ? ಅತ್ತೆಯೂ ಅದೇ ಶಾವಿಗೆ ತಿನ್ನುತ್ತಾರೆ, ಇಲ್ಲವೇ ಉಪವಾಸ ಕೂಡುತ್ತಾರೆ.

ಇದಕ್ಕೆ ಒಂದು ಸುಲಭ ದಾರಿ ನಮ್ಮ ಹಿತ್ತಲಲ್ಲೇ ಇದೆ. ಅದು ಸಿಹಿಗುಂಬಳ. ನಮ್ಮಲ್ಲಿ ಕೆಲವರು ಇದನ್ನು ಕೆಂಪು ಕುಂಬಳ, ಚೀನಿಕಾಯಿ ಅನ್ನುತ್ತೇವೆ. ಕೊಂಕಣಿಯವರು ದುದ್ದಿ ಅನ್ನುತ್ತಾರೆ, ಮರಾಠಿಯವರು ಲಾಲ್ ಭೋಪಳಾ ಅನ್ನುತ್ತಾರೆ. ಇದನ್ನು ಶಾವಿಗೆಯ ಹಾಗೆ ಎಳೆ ಎಳೆಯಾಗಿ ಮಾಡಿ, ಶಾವಿಗೆಯ ಜಾಗದಲ್ಲಿ ಬಳಸುವುದು ಹೇಗೆ, ಯಾರ ತಟ್ಟೆಗೆ ಎಷ್ಟು ಹಾಕಬೇಕು ಎಂಬುದನ್ನು ಇಲ್ಲಿ ತಿಳಿದುಕೊಳ್ಳೋಣ.

ಇದು ಎಲ್ಲಿಂದ ಬಂತು?

ಬೇರೆ ದೇಶಗಳಲ್ಲಿ ಪಾಸ್ತಾ ಎಂಬ ತಿಂಡಿ ಇದೆ. ಅದು ಗೋಧಿ ಹಿಟ್ಟಿನದೇ. ಉದ್ದ ಎಳೆಯ ಪಾಸ್ತಾ ಅಂದರೆ ಅವರ ಶಾವಿಗೆ ಅಂತ ತಿಳಿಯಿರಿ. ಅಮೆರಿಕದಲ್ಲಿ ಒಂದು ಜಾತಿಯ ಹಳದಿ ಕುಂಬಳ ಬೆಳೆಯುತ್ತಾರೆ. ಅದಕ್ಕೆ ಸ್ಪಾಗೆಟ್ಟಿ ಸ್ಕ್ವಾಶ್ ಅನ್ನುತ್ತಾರೆ. ಬೇಯಿಸಿ ಚಮಚದಿಂದ ಕೆರೆದರೆ ಅದರ ತಿರುಳು ತಾನಾಗಿಯೇ ಶಾವಿಗೆಯ ಹಾಗೆ ಎಳೆ ಬಿಡುತ್ತದೆ. ಸಕ್ಕರೆ ಕಾಯಿಲೆ ಇದ್ದವರು, ತೂಕ ಇಳಿಸಬೇಕಾದವರು ಪಾಸ್ತಾ ಬದಲು ಅದನ್ನು ತಿನ್ನುತ್ತಾರೆ.

ನಮ್ಮ ಹಳಿಯಾಳ, ಮುಂಡಗೋಡದ ಸಂತೆಯಲ್ಲಿ ಸಿಗುವ ಕುಂಬಳ ಆ ಜಾತಿಯದಲ್ಲ. ಬೇಯಿಸಿದರೆ ಎಳೆ ಬಿಡುವುದಿಲ್ಲ, ಮೆತ್ತಗಾಗಿ ಮುದ್ದೆಯಾಗುತ್ತದೆ. ಆದ್ದರಿಂದ ನಾವು ಹಸಿಯಾಗಿದ್ದಾಗಲೇ ಎಳೆಯಾಗಿ ಹೆಚ್ಚಿಕೊಂಡು, ಆಮೇಲೆ ಸ್ವಲ್ಪವೇ ಬೇಯಿಸಬೇಕು. ವ್ಯತ್ಯಾಸ ಇಷ್ಟೇ.

ನೋಡಿದರೆ ನಮ್ಮ ಸಿಹಿಗುಂಬಳವೂ ಮೂಲದಲ್ಲಿ ಅಮೆರಿಕ ಖಂಡದ್ದೇ. 1492ರ ನಂತರ ಮೆಣಸಿನಕಾಯಿ, ಬಟಾಟೆ, ಗೋಡಂಬಿ ಹೇಗೆ ಕಡಲು ದಾಟಿ ಬಂದವೋ ಹಾಗೆಯೇ ಇದೂ ಬಂತು. ಬಂದದ್ದು ಈಗ ನಮ್ಮ ಮನೆಯದೇ ಆಗಿದೆ. ಕುಂಬಳಕಾಯಿ ಗಾರಿಗೆ ನಮಗೆ ಹೊಸದೇನಲ್ಲ, ಪಲ್ಯ, ಸಾಂಬಾರು, ಹೂವಿನ ಬಜಿ ಎಲ್ಲವೂ ಗೊತ್ತಿದೆ.

ಎಳೆ ಎಳೆಯಾಗಿ ತಿನ್ನುವುದೂ ನಮಗೆ ಹೊಸದಲ್ಲ. ಜವೆಗೋಧಿ ಶಾವಿಗೆ ಬಸಿದು ಬೆಲ್ಲ, ಹಾಲು ಹಾಕಿ ತಿನ್ನುವ ರೂಢಿ ಹಳಿಯಾಳದ ಕಡೆ ಇದೆ. ಘಟ್ಟದ ಕೆಳಗಿನವರು ಅಕ್ಕಿ ಶಾವಿಗೆ ಒತ್ತುತ್ತಾರೆ. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟಿನವರು ಎಳೆ ಹಾಕಿದ ಬಿಸಿ ಸಾರು ಮಾಡುತ್ತಾರೆ, ಅದಕ್ಕೆ ತುಕ್ಪಾ ಅನ್ನುತ್ತಾರೆ.

ಮೊದಲು ಲೆಕ್ಕ ನೋಡೋಣ

ಸಂಘದಲ್ಲಿ ನಾವು ಉಳಿತಾಯದ ಲೆಕ್ಕ ಬರೆಯುತ್ತೇವೆ. ತಟ್ಟೆಯ ಲೆಕ್ಕವನ್ನೂ ಒಮ್ಮೆ ಬರೆಯೋಣ.

ಒಬ್ಬರ ತಟ್ಟೆಗೆ ಸುಮಾರು 60 ಗ್ರಾಂ ಒಣ ಶಾವಿಗೆ ಬೇಕು. ಅದರಲ್ಲಿ ಸುಮಾರು 44 ಗ್ರಾಂ ಪಿಷ್ಟ ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಈ ಪಿಷ್ಟವೇ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಶಕ್ತಿ ಸುಮಾರು 210 ಕ್ಯಾಲೊರಿ. ಮೈ ಬೆಳೆಸುವ ಪ್ರೊಟೀನು 6-7 ಗ್ರಾಂ.

ಅದೇ ತಟ್ಟೆ ತುಂಬಲು 200 ಗ್ರಾಂ ಹಸಿ ಕುಂಬಳದ ಎಳೆ ಬೇಕು. ಅದರಲ್ಲಿ ಪಿಷ್ಟ, ಸಕ್ಕರೆ ಎಲ್ಲ ಸೇರಿ ಸುಮಾರು 13 ಗ್ರಾಂ. ಶಕ್ತಿ ಸುಮಾರು 52 ಕ್ಯಾಲೊರಿ. ಪ್ರೊಟೀನು ಬರೀ 2 ಗ್ರಾಂ. ಏಕೆಂದರೆ ಕುಂಬಳದ ತಿರುಳಿನಲ್ಲಿ 100ಕ್ಕೆ 90 ಭಾಗಕ್ಕಿಂತ ಹೆಚ್ಚು ನೀರೇ ಇದೆ.

ಈ ಲೆಕ್ಕದಿಂದ ಎರಡು ಮಾತು ತಿಳಿಯುತ್ತದೆ.

1. ಹೊಟ್ಟೆ ಅಷ್ಟೇ ತುಂಬುತ್ತದೆ, ಆದರೆ ಸಕ್ಕರೆಯ ಹೊರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಆಗುತ್ತದೆ.
2. ಶಕ್ತಿ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಪ್ರೊಟೀನೂ ಇಳಿಯುತ್ತದೆ.

ಮೊದಲನೆಯದು ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯ ಸುದ್ದಿ. ಎರಡನೆಯದು ಬೆಳೆಯುವ ಮಗುವಿಗೆ ಕೆಟ್ಟ ಸುದ್ದಿ. ಕುಂಬಳ ಶಾವಿಗೆಯ ಜಾಗದಲ್ಲಿ ಕೂರಬಹುದು, ಆದರೆ ಶಾವಿಗೆಯ ಕೆಲಸವನ್ನೆಲ್ಲ ಮಾಡುವುದಿಲ್ಲ. ಇದನ್ನು ಮರೆತರೆ ಒಳ್ಳೆಯದು ಮಾಡಲು ಹೋಗಿ ತೊಂದರೆ ಮಾಡಿಕೊಂಡ ಹಾಗೆ.

ಯಾರಿಗೆ ಬೇಕು?

* ಸಕ್ಕರೆ ಕಾಯಿಲೆ ಇರುವವರಿಗೆ.
* ತೂಕ ಹೆಚ್ಚಿದ್ದು, ಮಂಡಿನೋವು, ರಕ್ತದೊತ್ತಡ ಇರುವವರಿಗೆ.
* ದಿನಾ ಮೈದಾ ತಿಂಡಿ ತಿಂದು ತರಕಾರಿ ಮುಟ್ಟದವರಿಗೆ.

ಯಾರಿಗೆ ಪೂರ್ತಿ ಬದಲಿಸಬಾರದು?

* ತೂಕ ಸಾಲದ ಮಕ್ಕಳಿಗೆ.
* ಗರ್ಭಿಣಿಯರಿಗೆ, ಮೊಲೆಹಾಲುಣಿಸುವ ತಾಯಂದಿರಿಗೆ. ಇವರಲ್ಲಿ ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಊಟ ಬದಲಿಸಬೇಕು.
* ಗದ್ದೆ, ಕಬ್ಬು, ಕಾರ್ಖಾನೆ ಎಂದು ದಿನವಿಡೀ ಮೈಮುರಿದು ದುಡಿಯುವವರಿಗೆ.
* ಕಾಯಿಲೆಯಿಂದ ಎದ್ದು ಸೊರಗಿರುವವರಿಗೆ.

ಇವರೆಲ್ಲ ಕುಂಬಳ ತಿನ್ನಬಾರದು ಅಂತಲ್ಲ. ಶಾವಿಗೆ, ಅನ್ನ, ರೊಟ್ಟಿಯ ಜೊತೆಗೆ ತಿನ್ನಲಿ. ಅವುಗಳನ್ನು ಕಿತ್ತುಕೊಂಡು ಕುಂಬಳ ಕೊಡಬೇಡಿ ಎಂಬುದು ಮಾತು. ಕುಂಬಳದ ಕೇಸರಿ ಬಣ್ಣದಲ್ಲಿ ನಮ್ಮ ಮೈ ಎ ಜೀವಸತ್ವ ಮಾಡಿಕೊಳ್ಳುವ ಅಂಶ ಇದೆ. ಅದು ಕಣ್ಣಿಗೆ, ಚರ್ಮಕ್ಕೆ, ರೋಗ ತಡೆಯುವ ಶಕ್ತಿಗೆ ಬೇಕು. ಅದು ಮೈಗೆ ಹತ್ತಬೇಕಾದರೆ ಸ್ವಲ್ಪ ಎಣ್ಣೆ ಇರಲೇಬೇಕು. ಆದ್ದರಿಂದ ಒಗ್ಗರಣೆ ಇಲ್ಲದ ಬರೀ ಬೇಯಿಸಿದ ಕುಂಬಳ ಹೆಚ್ಚು ಒಳ್ಳೆಯದು ಎಂಬ ಮಾತು ಸರಿಯಲ್ಲ.

ಎಚ್ಚರಿಕೆ: ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಊಟ ಬದಲಿಸಬಾರದು. ಔಷಧ ಅಷ್ಟೇ ಇದ್ದು ಊಟದ ಪಿಷ್ಟ ಒಮ್ಮೆಲೇ ಕಡಿಮೆಯಾದರೆ ರಕ್ತದ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಕೈ ನಡುಗುವುದು, ಬೆವರುವುದು, ಕಣ್ಣು ಮಂಜಾಗುವುದು ಅದರ ಗುರುತು. ಆಗ ತಡಮಾಡದೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲು ಅರ್ಧ ಶಾವಿಗೆ ಅರ್ಧ ಕುಂಬಳದಿಂದ ಶುರುಮಾಡಿ, ಡಾಕ್ಟರಿಗೂ ತಿಳಿಸಿ. ಮೂತ್ರಪಿಂಡದ ಕಾಯಿಲೆ ಇದ್ದವರೂ ಡಾಕ್ಟರನ್ನು ಕೇಳಿಯೇ ತಿನ್ನಬೇಕು, ಏಕೆಂದರೆ ಕುಂಬಳದಲ್ಲಿ ಪೊಟ್ಯಾಸಿಯಂ ಇದೆ.

ಎಂಥ ಕಾಯಿ ಬೇಕು?

ಸಿಪ್ಪೆ ಗಟ್ಟಿಯಾಗಿದ್ದು ಉಗುರು ಇಳಿಯಬಾರದು. ತೊಟ್ಟು ಒಣಗಿರಬೇಕು. ಕೈಯಲ್ಲಿ ಎತ್ತಿದರೆ ತೂಕ ಬರಬೇಕು. ಒಳಗೆ ತಿರುಳು ದಪ್ಪ, ಗಟ್ಟಿ ಇರಬೇಕು. ಉದ್ದ ಕುತ್ತಿಗೆಯ ಕುಂಬಳ ಸಿಕ್ಕರೆ ಇನ್ನೂ ಒಳ್ಳೆಯದು. ಕುತ್ತಿಗೆಯ ಭಾಗದಲ್ಲಿ ಬೀಜ ಇರುವುದಿಲ್ಲ, ಉದ್ದ ಎಳೆ ಬರುತ್ತದೆ. ತೀರಾ ಹಣ್ಣಾಗಿ ಮೆತ್ತಗಾದದ್ದು ಗಾರಿಗೆಗೆ ಇರಲಿ, ಎಳೆಗೆ ಬೇಡ.

ಹೆಚ್ಚುವ ಮೊದಲು ಒಂದು ಸಣ್ಣ ಚೂರು ಹಸಿಯಾಗಿ ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. "ಬೆಲ್ಲ ಹಾಕಿದರೆ ಕಹಿ ಹೋಗ್ತದೆ" ಅಂತ ಉಳಿಸಿಕೊಳ್ಳಬೇಡಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ಮಾಡಿಸುತ್ತದೆ.

ಎಳೆ ಮಾಡುವ ಕ್ರಮ

1. ಎರಡು ಕಿಲೋ ಕಾಯಿಯಲ್ಲಿ ಸಿಪ್ಪೆ, ಬೀಜ ಹೋಗಿ ಸುಮಾರು ಒಂದೂಕಾಲು, ಒಂದೂವರೆ ಕಿಲೋ ತಿರುಳು ಸಿಗುತ್ತದೆ. ಗಟ್ಟಿ ಸಿಪ್ಪೆ ಒಮ್ಮೆಲೇ ಕೊಯ್ಯಲು ಹೋಗಿ ಕೈ ಕೊಯ್ದುಕೊಳ್ಳಬೇಡಿ. ಮೊದಲು ಮೆಟ್ಟುಗತ್ತಿಯಲ್ಲಿ ದೊಡ್ಡ ಹೋಳು ಮಾಡಿ, ಆಮೇಲೆ ಸಿಪ್ಪೆ ತೆಗೆಯಿರಿ.

2. ಹೋಳನ್ನು ತೆಳ್ಳಗೆ ಹಾಳೆಯ ಹಾಗೆ ಕೊಯ್ದು, ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ದಪ್ಪಕ್ಕೆ ಉದ್ದುದ್ದ ಹೆಚ್ಚಿ. ತುರಿಯುವ ಮಣೆ ಇದ್ದರೆ ದೊಡ್ಡ ಕಣ್ಣಿನ ಕಡೆ, ಒಂದೇ ದಿಕ್ಕಿಗೆ ಉದ್ದವಾಗಿ ತುರಿಯಿರಿ. ಹಿಂದೆ ಮುಂದೆ ಉಜ್ಜಿದರೆ ಎಳೆ ತುಂಡಾಗುತ್ತದೆ.

3. 600 ಗ್ರಾಂ ಎಳೆಗೆ ಒಂದು ಚಹಾ ಚಮಚ ಉಪ್ಪು ಹಚ್ಚಿ 10 ನಿಮಿಷ ಬಿಡಿ. ನೀರು ಬಿಡುತ್ತದೆ. ಅಂಗೈಯಲ್ಲಿ ಮೆಲ್ಲಗೆ ಒತ್ತಿ ತೆಗೆಯಿರಿ. ಆ ನೀರನ್ನು ಚೆಲ್ಲಬೇಡಿ, ಸಾರಿಗೆ ಹಾಕಿ, ಆದರೆ ಸಾರಿನ ಉಪ್ಪು ಕಡಿಮೆ ಮಾಡಿ. ರಕ್ತದೊತ್ತಡ ಇದ್ದವರ ಮನೆಯಲ್ಲಿ ಉಪ್ಪು ಹಚ್ಚಬೇಡಿ. ಎಳೆಗಳನ್ನು ಒಣ ಬಟ್ಟೆಯ ಮೇಲೆ ಅರ್ಧ ಗಂಟೆ ಹರಡಿದರೂ ಸಾಕು.

4. ಬಾಣಲೆ ಚೆನ್ನಾಗಿ ಕಾಯಲಿ. ದೊಡ್ಡ ಉರಿಯಲ್ಲಿ 3-4 ನಿಮಿಷ ಮಾತ್ರ ಬಾಡಿಸಿ. ಮುಚ್ಚಳ ಮುಚ್ಚಬೇಡಿ, ನೀರು ಹಾಕಬೇಡಿ, ಪದೇ ಪದೇ ಸೌಟು ಆಡಿಸಬೇಡಿ.

ನಾಲ್ಕನೆಯದೇ ಮುಖ್ಯ. ಮುಚ್ಚಳ ಮುಚ್ಚಿದರೆ ಹಬೆ ಒಳಗೇ ನಿಂತು ಎಳೆ ಕರಗಿ ಮುದ್ದೆಯಾಗುತ್ತದೆ. "ನಾನು ಮಾಡಿದೆ, ಪಲ್ಯ ಆಯ್ತು" ಅನ್ನುವವರು ಹೆಚ್ಚಾಗಿ ಮುಚ್ಚಳ ಮುಚ್ಚಿದವರೇ. ಎಳೆ ಬಾಗಬೇಕು, ಆದರೆ ಹಲ್ಲಿಗೆ ಸ್ವಲ್ಪ ಸಿಗಬೇಕು. ಅಷ್ಟಾದರೆ ಇಳಿಸಿ.

ಒಂದೇ ಒಲೆ, ಎರಡು ಬಗೆಯ ತಟ್ಟೆ

ನಾಲ್ಕು ಜನರ ಮನೆಗೆ: ಸಕ್ಕರೆ ಕಾಯಿಲೆಯ ಅಜ್ಜಿ ಒಬ್ಬರು, ದುಡಿಯುವವರು ಇಬ್ಬರು, ಮಗು ಒಂದು.

ಬೇಕಾಗುವ ಸಾಮಾನು: ಕುಂಬಳದ ಎಳೆ 600 ಗ್ರಾಂ. ಶಾವಿಗೆ 150 ಗ್ರಾಂ. ಮೊಳಕೆ ಬಂದ ಹೆಸರುಕಾಳು ಎರಡು ಲೋಟ, ಬೇಯಿಸಿದ್ದು. ಹುರಿದ ಶೇಂಗಾ ಎರಡು ಹಿಡಿ. ಉಳ್ಳಾಗಡ್ಡಿ ಎರಡು. ಹಸಿಮೆಣಸು, ಕರಿಬೇವು, ಸಾಸಿವೆ, ಉದ್ದಿನಬೇಳೆ, ಅರಿಶಿನ, ಎಣ್ಣೆ ಮೂರು ದೊಡ್ಡ ಚಮಚ, ನಿಂಬೆಹಣ್ಣು, ಕೊತ್ತಂಬರಿ.

ಮಾಡುವ ವಿಧಾನ: ಶಾವಿಗೆಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ ಬಸಿದಿಡಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಉದ್ದಿನಬೇಳೆ, ಕರಿಬೇವು, ಮೆಣಸು, ಉಳ್ಳಾಗಡ್ಡಿ ಹಾಕಿ ಹುರಿಯಿರಿ. ಅರಿಶಿನ ಹಾಕಿ. ಈ ಒಗ್ಗರಣೆಯಲ್ಲಿ ಅರ್ಧ ತೆಗೆದಿಡಿ. ಉಳಿದ ಅರ್ಧಕ್ಕೆ ಕುಂಬಳದ ಎಳೆ ಹಾಕಿ ದೊಡ್ಡ ಉರಿಯಲ್ಲಿ 3-4 ನಿಮಿಷ ಬಾಡಿಸಿ ಇಳಿಸಿ. ಬಾಣಲೆ ಚಿಕ್ಕದಿದ್ದರೆ ಎರಡು ಸಲ ಮಾಡಿ, ರಾಶಿ ಹಾಕಿದರೆ ನೀರು ಬಿಡುತ್ತದೆ. ಅದೇ ಬಾಣಲೆಗೆ ತೆಗೆದಿಟ್ಟ ಒಗ್ಗರಣೆ, ಬಸಿದ ಶಾವಿಗೆ ಹಾಕಿ ಒಮ್ಮೆ ಕಲಸಿ. ರುಚಿ ನೋಡಿ ಆಮೇಲೆ ಉಪ್ಪು ಹಾಕಿ. ಮೇಲೆ ನಿಂಬೆರಸ, ಕೊತ್ತಂಬರಿ.

ಬಡಿಸುವ ವಿಧಾನ: ಅಜ್ಜಿಯ ತಟ್ಟೆಗೆ ಕುಂಬಳದ ಎಳೆ ಸುಮಾರು 250 ಗ್ರಾಂ, ಅದರ ಮೇಲೆ ಅರ್ಧ ಲೋಟ ಹೆಸರುಕಾಳು, ಸ್ವಲ್ಪ ಶೇಂಗಾ. ಅವರಿಗೆ ಶಾವಿಗೆ ಬೇಡ. ಔಷಧ ತೆಗೆದುಕೊಳ್ಳುವವರಾದರೆ ಮೇಲೆ ಹೇಳಿದಂತೆ ಮೊದಮೊದಲು ಸ್ವಲ್ಪ ಶಾವಿಗೆ ಇರಲಿ. ಉಳಿದ ಮೂವರಿಗೆ ಶಾವಿಗೆ ಮತ್ತು ಉಳಿದ ಕುಂಬಳ ಸೇರಿಸಿ, ಹೆಸರುಕಾಳು, ಶೇಂಗಾ ಜಾಸ್ತಿ ಹಾಕಿ. ಮಗುವಿನ ತಟ್ಟೆಗೆ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಚಮಚ ತುಪ್ಪ ಸೇರಲಿ. ಸಣ್ಣ ಮಕ್ಕಳಿಗೆ ಇಡೀ ಶೇಂಗಾ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಹಾಕಿ.

ಕೆಲಸ ಒಂದೇ, ಒಗ್ಗರಣೆ ಒಂದೇ. ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನಬಹುದು. ಅಜ್ಜಿಗೆ ಮಾತ್ರ ಬೇರೆ ಪಥ್ಯ ಎಂಬ ಬೇಜಾರೂ ಇರುವುದಿಲ್ಲ.

ಮೀನು ತಿನ್ನುವ ಮನೆಯಲ್ಲಿ ಹೆಸರುಕಾಳಿನ ಬದಲು ಒಣ ಶೆಟ್ಲಿ ಹುರಿದು ಹಾಕಬಹುದು. ಅದರಲ್ಲಿ ಪ್ರೊಟೀನು ಚೆನ್ನಾಗಿದೆ. ಆದರೆ ಉಪ್ಪು ಇರುವುದರಿಂದ ಮೊದಲು ನೀರಿನಲ್ಲಿ ತೊಳೆದು ಹಾಕಿ.

ಮಳೆಗಾಲದ ಬಿಸಿ ಸಾರು

ಜೋಯಿಡಾ ಕಡೆಯ ಮಳೆಯಲ್ಲಿ ಸಂಜೆ ಬಿಸಿಯಾಗಿ ಏನಾದರೂ ಬೇಕೆನ್ನಿಸುತ್ತದೆ. ತುಕ್ಪಾದ ಹಾಗೆ ಸಾರು ಮಾಡಿ. ಶುಂಠಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಹುರಿದು ನಾಲ್ಕು ಲೋಟ ನೀರು ಅಥವಾ ಬೇಳೆಕಟ್ಟು ಹಾಕಿ ಕುದಿಸಿ. ಹಿತ್ತಲ ಸೊಪ್ಪು, ಕಾಳುಮೆಣಸಿನ ಪುಡಿ, ಉಪ್ಪು ಹಾಕಿ. ಮೊಟ್ಟೆ ಒಡೆದು ಹಾಕಿ ಕಲಕಿ. ಕೊನೆಗೆ ಕುಂಬಳದ ಎಳೆ ಹಾಕಿ ಎರಡು ನಿಮಿಷ ಕುದಿಸಿ ಇಳಿಸಿ. ನೂಡಲ್ಸ್ ಕೇಳುವ ಮಕ್ಕಳಿಗೆ ಇದರಲ್ಲೇ ಒಂದು ಹಿಡಿ ಶಾವಿಗೆಯೂ ಸೇರಿಸಿ. ಪಾಕೀಟಿನ ನೂಡಲ್ಸ್ ಹೆಚ್ಚಾಗಿ ಮೈದಾದ್ದು, ಎಣ್ಣೆಯಲ್ಲಿ ಕರಿದು ಒಣಗಿಸಿದ್ದು, ಮಸಾಲೆಯಲ್ಲಿ ಉಪ್ಪು ಬಹಳ. ಅಪರೂಪಕ್ಕೆ ಸರಿ, ದಿನದ ನಾಷ್ಟಾ ಆಗಬಾರದು.

ಬೀಜ ಬಿಸಾಡಬೇಡಿ

ಕುಂಬಳದಲ್ಲಿ ನಿಜವಾದ ಪ್ರೊಟೀನು ಇರುವುದು ಬೀಜದಲ್ಲಿ. ಸಿಪ್ಪೆ ತೆಗೆದ 100 ಗ್ರಾಂ ಒಣ ಬೀಜದ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೊಟೀನು ಇದೆ, ಕಬ್ಬಿಣದ ಅಂಶವೂ ಇದೆ. ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ ಹುರಿಯಿರಿ. ಶೇಂಗಾ ಚಟ್ನಿಪುಡಿಗೆ ಸೇರಿಸಬಹುದು. ಮುಂದಿನ ಬಿತ್ತನೆಗೆ ಒಳ್ಳೆಯ ಕಾಯಿಯ ಬೀಜ ಒಂದು ಹಿಡಿ ತೆಗೆದಿಡುವುದನ್ನು ಮರೆಯಬೇಡಿ.

ಹಿತ್ತಲಲ್ಲಿ ಬೆಳೆದು, ಅಟ್ಟದಲ್ಲಿ ಇಡಿ

ಮಳೆ ಶುರುವಾಗುವಾಗ ಗೊಬ್ಬರದ ಗುಂಡಿಯ ಪಕ್ಕ ನಾಲ್ಕು ಬೀಜ ಊರಿದರೆ ಸುಮಾರು ನಾಲ್ಕು ತಿಂಗಳಿಗೆ ಕಾಯಿ ಬಲಿಯುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಚಂದನ್ ತಳಿ 2-3 ಕಿಲೋ ತೂಗುತ್ತದೆ, ತಿರುಳು ಕೇಸರಿ, ಗಟ್ಟಿ. ಎಳೆ ಮಾಡಲು ಅನುಕೂಲ. ನಮ್ಮ ಊರ ತಳಿ ಚೆನ್ನಾಗಿದ್ದರೆ ಅದನ್ನೇ ಉಳಿಸಿಕೊಳ್ಳಿ.

ಕೊಯ್ಯುವಾಗ ಮೂರು ಬೆರಳಿನಷ್ಟು ತೊಟ್ಟು ಬಿಡಿ. ತೊಟ್ಟು ಮುರಿದರೆ ಅಲ್ಲಿಂದಲೇ ಕೊಳೆಯುತ್ತದೆ. ಒಂದಕ್ಕೊಂದು ತಾಗದ ಹಾಗೆ, ಒಣಹುಲ್ಲಿನ ಮೇಲೆ, ಗಾಳಿಯಾಡುವ ಅಟ್ಟದಲ್ಲಿ ಇಡಿ. ಹಾಗಿಟ್ಟರೆ ಎರಡು ಮೂರು ತಿಂಗಳು ಕೆಡುವುದಿಲ್ಲ. ಒಮ್ಮೆ ಕೊಯ್ದ ಮೇಲೆ ಎರಡು ದಿನದಲ್ಲಿ ಮುಗಿಸಿ, ಇಲ್ಲವೇ ನೆರೆಯವರೊಂದಿಗೆ ಹಂಚಿಕೊಳ್ಳಿ.

ಸಭೆಯಲ್ಲಿ ಕೇಳುವ ಪ್ರಶ್ನೆಗಳು

"ಅಕ್ಕಾ, ಕುಂಬಳ ಸಿಹಿ ಐತಲ್ಲ, ಸಕ್ಕರೆ ಕಾಯಿಲೆಯವ್ರು ತಿನ್ನಬಹುದೇನ್ರಿ?"
ತಿನ್ನಬಹುದು, ಅಳತೆಯಲ್ಲಿ. ನಾಲಿಗೆಗೆ ಸಿಹಿ ಎನಿಸಿದರೂ ಅದರಲ್ಲಿರುವ ಒಟ್ಟು ಸಕ್ಕರೆ, ಪಿಷ್ಟ ಶಾವಿಗೆಗಿಂತ ಬಹಳ ಕಡಿಮೆ. ಆದರೆ ಬೆಲ್ಲ ಹಾಕಿದ ಪಲ್ಯ, ಗಾರಿಗೆ, ಪಾಯಸ ಬೇರೆ. ಕುಂಬಳದ ಎಳೆ ತಿಂದು ಮೇಲೆ ಎರಡು ತಟ್ಟೆ ಅನ್ನ ಉಂಡರೂ ಪ್ರಯೋಜನವಿಲ್ಲ.

"ಬೂದುಗುಂಬಳದಲ್ಲಿ ಮಾಡಬಹುದಾ?"
ಅದರಲ್ಲಿ ನೀರು ಇನ್ನೂ ಹೆಚ್ಚು. ಎಳೆ ಬೇಗ ಮೆತ್ತಗಾಗುತ್ತದೆ, ಕೇಸರಿ ಬಣ್ಣದ ಅಂಶವೂ ಇಲ್ಲ. ಅದು ಹುಳಿಗೆ ಚೆಂದ.

"ಇದನ್ನ ತಿಂದ್ರೆ ರಕ್ತ ಹೆಚ್ಚಾಗ್ತದಾ?"
ಬರೀ ಕುಂಬಳದ ತಿರುಳಿನಿಂದ ಆಗುವುದಿಲ್ಲ, ಅದರಲ್ಲಿ ಕಬ್ಬಿಣ ಕಡಿಮೆ. ಕಾಳು, ಸೊಪ್ಪು, ಮೊಟ್ಟೆ, ಮಾಂಸ ಬೇಕು. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ.

"ಇದು ತಿಂದ್ರೆ ಮಾತ್ರೆ ಬಿಡಬಹುದಾ?"
ಬೇಡ. ಮಾತ್ರೆ ಕಡಿಮೆ ಮಾಡುವುದು ಡಾಕ್ಟರ ಕೆಲಸ, ರಕ್ತ ಪರೀಕ್ಷೆ ನೋಡಿ ಅವರೇ ಹೇಳಬೇಕು.

ಮುಂದಿನ ಸಭೆಗೆ

ಸಹೋದರಿಯರೇ, ಓದಿ ಮಡಚಿಟ್ಟರೆ ಸಾಲದು. ಮುಂದಿನ ಸಭೆಗೆ ಒಬ್ಬರು ಒಂದು ಕುಂಬಳ ತನ್ನಿ, ಒಬ್ಬರು ಶಾವಿಗೆ, ಒಬ್ಬರು ಕಾಳು. ಮುಚ್ಚಳ ಮುಚ್ಚಿ ಒಂದು ಸಲ, ಮುಚ್ಚದೆ ಒಂದು ಸಲ ಮಾಡಿ ನೋಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆಮೇಲೆ ಈ ಪ್ರಶ್ನೆಗಳನ್ನು ಚರ್ಚಿಸಿ:

1. ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಸಕ್ಕರೆ ಕಾಯಿಲೆ ಇದೆ? ಅವರಿಗೆ ಬೇರೆ ಅಡಿಗೆ ಯಾರು ಮಾಡುತ್ತಾರೆ?
2. ಕಳೆದ ತಿಂಗಳು ಪಾಕೀಟು ತಿಂಡಿಗೆ ನಮ್ಮ ಮನೆಯಿಂದ ಎಷ್ಟು ಹಣ ಹೋಯಿತು?
3. ನಮ್ಮ ಮನೆಯಲ್ಲಿ ತೂಕ ಸಾಲದವರು ಯಾರು? ಅವರ ತಟ್ಟೆಗೆ ದಿನಾ ಕಾಳು ಅಥವಾ ಮೊಟ್ಟೆ ಬೀಳುತ್ತದೆಯೇ?
4. ಈ ಮಳೆಗಾಲ ಯಾರು ಯಾರು ಬೀಜ ಊರುತ್ತೀರಿ?

ಅತ್ತೆಯ ತಟ್ಟೆ, ಮಗುವಿನ ತಟ್ಟೆ ನೋಡಿಯಾದ ಮೇಲೆ ಇನ್ನೊಂದು ತಟ್ಟೆ ಉಳಿಯುತ್ತದೆ. ಎಲ್ಲರಿಗೂ ಬಡಿಸಿ, ಬಾಣಲೆಯಲ್ಲಿ ಉಳಿದದ್ದನ್ನು ಕೆರೆದು ತಿನ್ನುವವಳ ತಟ್ಟೆ. ಅದಕ್ಕೂ ಶಾವಿಗೆ, ಕಾಳು, ಕುಂಬಳ ಮೂರೂ ಬೀಳಲಿ. ಅಳತೆ ಹಾಕುವಾಗಲೇ ನಿಮ್ಮ ಪಾಲನ್ನೂ ಸೇರಿಸಿ ಅಳೆಯಿರಿ.